ಹಂಡೆಯ ಮಸಿ

ಬೆಂಗಳೂರಿನ ಹೊರಮಾವಿನ ಒಂದು ವಠಾರದಲ್ಲಿ ಹುಸೇನಮ್ಮನ ಕೋಣೆ ಕಡೆಯದು. ಅದರ ಪಕ್ಕಕ್ಕೆ ಕಾಂಪೌಂಡು, ಕಾಂಪೌಂಡಿನ ಆಚೆ ಎಕ್ಕೆ ಗಿಡ ಬೆಳೆದ ಒಂದು ಖಾಲಿ ಸೈಟು. ಕೋಣೆಯೊಳಗೆ ಒಂದು ಮಂಚ, ಮಂಚದ ಅಡಿಯಲ್ಲಿ ಬೋರಲು ಮಲಗಿಸಿದ ತಾಮ್ರದ ಹಂಡೆ. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಶಹಾಪುರದ ಸೀಮೆಯಿಂದ ಗಂಡ ಹೆಂಡತಿ ಬೆಂಗಳೂರಿಗೆ ಹೊರಟಾಗ ಸಾಯಬಣ್ಣ ಹಾಸಿಗೆ ಹೊತ್ತಿದ್ದ, ಹುಸೇನಮ್ಮ ಹಂಡೆ ಹೊತ್ತಿದ್ದಳು. ಬಸ್ಸಿನ ಕಂಡಕ್ಟರು, "ಯಾಕವ್ವಾ, ಬೆಂಗಳೂರಾಗ ನೀರು ಕಾಯ್ಸಂಗಿಲ್ಲ ಅಂತ ಮಾಡಿಯೇನು?" ಎಂದು ನಕ್ಕಿದ್ದ.

ಕಾಯಿಸುತ್ತಾರೆ, ಸೌದೆಯಲ್ಲಲ್ಲ ಅಷ್ಟೆ. ಬಾಡಿಗೆಗೆ ಬಂದ ದಿನವೇ ಮಾಲೀಕರಾದ ಚಂದ್ರಶೇಖರಯ್ಯನವರು ಮಹಡಿ ಮೆಟ್ಟಿಲ ಮೇಲೆ ನಿಂತು, "ಎಲ್ಲಾ ಸರಿ ಕಣಮ್ಮಾ, ಸೌದೆ ಒಲೆ ಒಂದು ಬೇಡ. ಗೋಡೆಗೆ ಈಗಷ್ಟೇ ಬಣ್ಣ ಹೊಡ್ಸಿದೀನಿ," ಎಂದುಬಿಟ್ಟಿದ್ದರು. ಅಂದಿನಿಂದ ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ಕರೆಂಟಿನ ಕಾಯಿಲು. ಹಂಡೆ ತನ್ನ ಊರಿನ ಒಲೆಯ ಮಸಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಮಂಚದಡಿಗೆ ಸರಿಯಿತು. ಕಸ ಗುಡಿಸುವಾಗ ಹುಸೇನಮ್ಮ ಅದನ್ನು ಒಮ್ಮೆ ಹೊರಗೆಳೆದು, ಕೆಳಗೆ ಗುಡಿಸಿ, ಮತ್ತೆ ಒಳಗೆ ತಳ್ಳುತ್ತಿದ್ದಳು. ಆಗ ಅದು ಗುಂಯ್ ಎನ್ನುತ್ತಿತ್ತು. ಆ ಸದ್ದು ಕೇಳುವುದಕ್ಕೇ ಅವಳು ದಿನಾ ಮಂಚದಡಿ ಗುಡಿಸುತ್ತಾಳೆಂದು ಸಾಯಬಣ್ಣ ಚೇಷ್ಟೆ ಮಾಡುತ್ತಿದ್ದ.

ಸಾಯಬಣ್ಣನದು ಹಳೆ ಮನೆ ಕೆಡವುವ ಕೆಲಸ. ಕಾಕ್ಸ್‌ಟೌನಿನ ಕಡೆ ಹೆಂಚಿನ ಮನೆಗಳನ್ನು ಬೀಳಿಸಿ ಫ್ಲ್ಯಾಟು ಕಟ್ಟುತ್ತಾರಲ್ಲ, ಅಲ್ಲಿ. ಗೋಡೆಗೆ ಸುತ್ತಿಗೆ ಬೀಳುವ ಮುಂಚೆ ಒಳಗೆ ಹೋಗಿ ಪೈಪು, ನಲ್ಲಿ, ಮೀಟರು ಬಿಚ್ಚುವವನು ಅವನೇ. ಮಳೆಗಾಲದ ಆರಂಭದಲ್ಲಿ ಹಿಡಿದ ಕೆಮ್ಮು ಬಿಡಲಿಲ್ಲ. ಡಾಕ್ಟರು ಎದೆಯ ಫೋಟೋ ತೆಗೆಸಿ, "ದೂಳಿನ ಹತ್ರಾನೇ ಸುಳೀಬೇಡಿ," ಎಂದರು. ಆವತ್ತಿನಿಂದ ಅವನು ಮನೆಯಲ್ಲಿ ಕೂತ. ಹುಸೇನಮ್ಮ ಬೆಳಗ್ಗೆ ಎದುರಿನ ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೆ ಹೋಗಿ ಮಧ್ಯಾಹ್ನ ಬರುವಷ್ಟರಲ್ಲಿ ಅವನು ಅದೇ ಗೋಡೆಗೆ ಒರಗಿ ಕೂತಿರುತ್ತಿದ್ದ. ಹೊಲದಲ್ಲಾಗಲಿ ಊರಲ್ಲಾಗಲಿ ಹಾಗೆ ಕೂತ ಗಂಡಸನ್ನು ಅವಳು ಕಂಡಿರಲಿಲ್ಲ. ಅದನ್ನು ನೋಡುವುದು ಕೆಮ್ಮು ಕೇಳುವುದಕ್ಕಿಂತ ಕಷ್ಟವಾಗುತ್ತಿತ್ತು.

ಕೆಡವಿದ ಮನೆಗಳಿಂದ ಕಂತ್ರಾಟುದಾರ ಬಿಟ್ಟುಕೊಟ್ಟ ಹಳೆ ಹಿತ್ತಾಳೆ ನಲ್ಲಿ, ಪೈಪಿನ ತುಂಡು, ಮೂಲೆ ತಿರುಗಿಸುವ ಬೆಂಡು, ಮುಳ್ಳು ನಿಂತುಹೋದ ಮೀಟರು, ಎಲ್ಲ ಒಂದು ಚೀಲದಲ್ಲಿದ್ದವು. ಕೈ ಸುಮ್ಮನಿರಲಾರದೆ ಸಾಯಬಣ್ಣ ಒಂದು ದಿನ ಅದನ್ನು ಸುರುವಿಕೊಂಡು ಕೂತ. ಪೈಪಿಗೆ ಪೈಪು ತಿರುವಿ, ತುದಿಗೊಂದು ಬಲ್ಬು ಕೂರಿಸಿ, ನಲ್ಲಿ ತಿರುಗಿಸಿದರೆ ದೀಪ ಹತ್ತುವ ಹಾಗೆ ಮಾಡಿದ. ಶಿವಾಜಿನಗರದಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟಿದ್ದ ರಿಜ್ವಾನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕ್ಯಾ ಸಾಯಬಣ್ಣ ಭಾಯ್, ಇದು ನಲ್ಲಿನಾ ದೀಪಾನಾ? ಇರ್ಲಿ, ಇಲ್ಲೇ ಇಡಿ. ಇಂಥಾದ್ದಕ್ಕೂ ಹುಚ್ಚರು ಬರ್ತಾರೆ," ಎಂದು ಅಂಗಡಿಯ ಮುಂದೆ ಇಟ್ಟುಕೊಂಡ.

ಹಾಗೆ ಬಂದವಳು ಗೌತಮಿ. ದಾವಣಗೆರೆ ಕಡೆಯ ಹುಡುಗಿ, ಆಫೀಸಿನ ಕೆಲಸ ಬಿಟ್ಟು ಕಮ್ಮನಹಳ್ಳಿಯಲ್ಲಿ ಕಾಫಿ ಅಂಗಡಿ ತೆರೆಯುವವಳಿದ್ದಳು. ರಿಜ್ವಾನನಿಂದ ವಿಳಾಸ ತಿಳಿದು ವಠಾರಕ್ಕೇ ಬಂದಳು. ಫೋನಿನಲ್ಲಿ ಚಿತ್ರ ತೋರಿಸಿದಳು.

"ಇದಕ್ಕೆ ಸ್ಟೀಮ್‌ಪಂಕ್ ಅಂತಾರಣ್ಣ. ಉಗಿ ಇಂಜಿನ್ ಕಾಲದ್ದೇನೋ ಅನ್ನಿಸ್ಬೇಕು. ಅಂಗಡಿ ಮಧ್ಯಕ್ಕೆ ಒಂದು ದೊಡ್ಡದು ಬೇಕು. ಅದು ಚೆನ್ನಾಗಿ ಬಂದ್ರೆ ಆಮೇಲೆ ಎಲ್ಲಾ ಟೇಬಲ್‌ಗೂ ಒಂದೊಂದು ನೀವೇ ಮಾಡ್ಕೊಡಿ."

"ಇಷ್ಟೀಮು," ಎಂದು ಸಾಯಬಣ್ಣ ಬಾಯಲ್ಲಿ ಆಡಿಸಿ ನೋಡಿದ. ಪದದ ಉಳಿದರ್ಧ ನಾಲಿಗೆಗೆ ಹತ್ತಲಿಲ್ಲ.

ಗೌತಮಿ ಬಗ್ಗಿದಾಗ ಮಂಚದಡಿಯ ಹಂಡೆ ಕಣ್ಣಿಗೆ ಬಿತ್ತು. "ಅಯ್ಯೋ, ಇದೇ! ಬಾಯ್ಲರ್ ಥರಾನೇ ಇದೆ!"

ಸಾಯಬಣ್ಣ ಹೆಂಡತಿಯ ಮುಖ ನೋಡಿದ. ಹುಸೇನಮ್ಮ ಸ್ಟವ್ ಕಡೆ ತಿರುಗಿ ಚಹಕ್ಕೆ ನೀರಿಟ್ಟಳು. "ಬೇಡಕ್ಕ, ಈಗಷ್ಟೇ ಕುಡ್ದೆ," ಎಂದಳು ಗೌತಮಿ. ಹುಸೇನಮ್ಮ ಮಾಡಿಯೇ ಕೊಟ್ಟಳು. ಗೌತಮಿ ಲೋಟದ ತಳ ಕಾಣುವವರೆಗೆ ಕುಡಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕಾ, ಹಂಡೆ ಮಸಿ ಹಾಗೇ ಇರ್ಲಿ. ತೊಳಿಯಕ್ಕೆ ಹೋಗ್ಬೇಡಿ," ಎಂದಳು.

ಅವಳು ಹೋದ ಮೇಲೆ ಸಾಯಬಣ್ಣ ಹೇಳಿದ: "ನಿನ್ನ ಹಂಡಿ. ನೀ ಒಲ್ಲೆ ಅಂದ್ರ ಬಿಟ್ಟುಬಿಡಮು. ದೀಪಾವಳಿ ಆದಮ್ಯಾಲ ನಾ ಹೊಳ್ಳಿ ಕೆಡವೋ ಕೆಲಸಕ್ಕ ಹೋಗ್ತೀನಿ. ಮಾರಿಗಿ ಬಟ್ಟಿ ಕಟ್ಕೊಂಡ್ರಾತು."

"ಬಟ್ಟಿ ಕಟ್ಕೊಂಡ್ರ ಎದಿಗಿ ಗೊತ್ತಾಗಲ್ಲೇನು?" ಎಂದಳು ಹುಸೇನಮ್ಮ. ಹಂಡೆಯನ್ನು ಎರಡೂ ಕೈಯಿಂದ ಹೊರಗೆಳೆದು ಅವನ ಮುಂದೆ ನಿಲ್ಲಿಸಿದಳು. "ಮಾಡು."

ಅವನು ಮಾಡಿದ. ದಸರಾ ಕಳೆದು ಬಿಸಿಲು ಬಿದ್ದಿತ್ತು, ಬಾಗಿಲ ಮುಂದೆ ಗೋಣಿ ಹಾಸಿಕೊಂಡು ಕೂತ. ಹಂಡೆಗೆ ಪೈಪಿನ ಮೂರು ಕಾಲು. ಬಾಯಿಂದ ಮೇಲಕ್ಕೆದ್ದು ಜೋಳದ ತೆನೆಯ ಹಾಗೆ ಬಾಗಿದ ಹಿತ್ತಾಳೆ ಪೈಪುಗಳು, ಪ್ರತಿಯೊಂದರ ತುದಿಗೂ ಒಂದು ಬಲ್ಬಿನ ಹೋಲ್ಡರು. ನಡುವೆ ಮುಳ್ಳು ನಿಂತ ಮೀಟರು. ಹೊಟ್ಟೆಯ ಪಕ್ಕಕ್ಕೆ ಒಂದು ದಪ್ಪ ನಲ್ಲಿ. ಆ ನಲ್ಲಿಗಾಗಿ ತಾಮ್ರಕ್ಕೆ ತೂತು ಕೊರೆಯುವಾಗ ಹುಸೇನಮ್ಮ ಪಕ್ಕದ ಕೋಣೆಯ ಲಕ್ಷ್ಮಿದೇವಿಯ ಬಳಿ ಹೋಗಿ ಕೂತಳು. ಡ್ರಿಲ್ಲಿನ ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದಳು.

"ಮಗಳನ್ನ ಕೊಟ್ಟಂಗ ಮಾಡ್ತಿ ನೋಡಕ್ಕ ನೀ," ಎಂದಳು ಲಕ್ಷ್ಮಿದೇವಿ. ಅವಳೂ ಅದೇ ಸೀಮೆಯ ಸುರಪುರದ ಕಡೆಯವಳು.

"ಕೊಡೋದೇನೋ ಕೊಡ್ಲಕತ್ತೀನಿ. ಆದ್ರ ಹಂಗ ಕರ್ರಗ ಕೊಡ್ಲೇನು? ಮಂದಿ ಏನಂದಾರು?"

"ತೊಳೀಬ್ಯಾಡ ಅಂದಾಳಂತಲ್ಲ ಆಕಿ."

"ಚಹಾನೂ ಬ್ಯಾಡ ಅಂದಿದ್ಲು. ತಳ ಕಾಣಾತನ ಕುಡುದ್ಲು."

ಲಕ್ಷ್ಮಿದೇವಿ ತಲೆಯಾಡಿಸಿದಳು. ಅದೂ ನಿಜವೇ. ಉಣ್ಣು ಎಂದರೆ ಈಗಷ್ಟೇ ಉಂಡೆ ಅನ್ನುವುದು, ಇನ್ನೊಂದು ರೊಟ್ಟಿ ಎಂದರೆ ತಾಟಿಗೆ ಕೈ ಅಡ್ಡ ಹಿಡಿಯುವುದು, ಇದೆಲ್ಲ ಮರ್ಯಾದಸ್ಥರ ಮಾತು. ಬೇಡ ಅಂದರೆಂದು ನಿಜವಾಗಿ ಬಡಿಸದೆ ಬಿಟ್ಟವಳನ್ನು ಊರಲ್ಲಿ ಏನೆನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಆ ಹುಡುಗಿ ಪಾಪ, ತಿಕ್ಕುವವಳ ರಟ್ಟೆ ನೋಯದಿರಲಿ ಎಂದು ಆಡಿದ್ದು. ಒಳ್ಳೆಯ ಮನೆತನದವಳು.

ಭಾನುವಾರ ಗೌತಮಿ ಬಂದು ಒಯ್ಯುವುದೆಂದು ಮಾತಾಗಿತ್ತು. ಶುಕ್ರವಾರ ಮಧ್ಯಾಹ್ನ ಸಾಯಬಣ್ಣ ಬಲ್ಬು ತರಲು ಶಿವಾಜಿನಗರಕ್ಕೆ ಹೋದ. ಹುಸೇನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಣಸೆಹಣ್ಣು ಉಪ್ಪು ಕಿವುಚಿ, ಇಟ್ಟಂಗಿ ಪುಡಿ ಮಾಡಿ, ತೆಂಗಿನ ನಾರು ಹಿಡಿದು ಕೂತಳು. ಮೊದಮೊದಲು ಮಸಿ ಅಲುಗಲಿಲ್ಲ. ಆಮೇಲೆ ಕಪ್ಪು ನೀರು ಹರಿಯತೊಡಗಿತು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಬೆರಣಿ, ಏನೇನು ಉರಿಸಿದ್ದಳೋ ಅದೆಲ್ಲ ವಠಾರದ ಮೋರಿಗೆ ಇಳಿಯಿತು. ಅವಳಿಗೆ ಕೈ ನೋಯುತ್ತಿದ್ದುದು ಗೊತ್ತಾಗಲಿಲ್ಲ. ಇಷ್ಟು ವರ್ಷ ಮಂಚದಡಿ ಇದ್ದ ಹಂಡೆ ಒಂದು ಹೊತ್ತಾದರೂ ಮತ್ತೆ ಅವಳದಾಗಿತ್ತು. ಸಂಜೆ ಬಿಸಿಲು ಬಿದ್ದಾಗ ತಾಮ್ರ ಹೊಸ ಮದುಮಗಳ ಹಾಗೆ ಕೆಂಪಗೆ ನಿಂತಿತು. ಲಕ್ಷ್ಮಿದೇವಿ ದೃಷ್ಟಿಯಾದೀತೆಂದು ನೆಟಿಕೆ ಮುರಿದಳು.

ಸಾಯಬಣ್ಣ ಗೇಟಿನೊಳಗೆ ಕಾಲಿಟ್ಟವನು ಅಲ್ಲೇ ನಿಂತ. ಬಲ್ಬಿನ ಡಬ್ಬ ಕೈಯಲ್ಲೇ ಇತ್ತು.

"ಏನ್ ಮಾಡಿದಿ ಹುಸೇನಿ?"

"ತಿಕ್ಕೀನಿ."

"ಮಸಿ ಹಂಗೇ ಇರ್ಲಿ ಅಂದಿದ್ರಲ್ಲ ಅವ್ರು."

"ಅಂತಾರ. ಬಾಯಿಮಾತಿಗಿ ಅಂತಾರ."

"ಬಾಯಿಮಾತಿಗಲ್ಲ! ಖರೇನೇ ಅಂದದ್ದು. ಹಳೀದು ಕಾಣ್ಬೇಕಂತ ಅವ್ರಿಗಿ. ಮಸಿ ನೋಡೇ ಹಂಡಿ ಹಿಡಿಸಿದ್ದು." ಅವನಿಗೆ ಕೆಮ್ಮು ಬಂತು. ಕೆಮ್ಮಿ ಮುಗಿಸಿ ಮೆಟ್ಟಿಲ ಮೇಲೆ ಕೂತ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಮಸಿ ಬೇಕನ್ನೋ ಮಂದೀನೂ ಇರ್ತಾರೇನು?" ಎಂದು ಅವಳು ಕೇಳಿದಳು. ಲಕ್ಷ್ಮಿದೇವಿ ತನ್ನ ಕೋಣೆಯಲ್ಲಿ ಏನೋ ಕೆಲಸ ನೆನಪಾಗಿ ಎದ್ದುಹೋದಳು.

ಶನಿವಾರ ಬೆಳಗ್ಗೆ ಸಾಯಬಣ್ಣ ಮೇಣದ ಬತ್ತಿ ಹಚ್ಚಿ ಅದರ ಹೊಗೆ ಹಿಡಿಸಿ ನೋಡಿದ. ಬೆರಳು ತಾಗಿದರೆ ಅಳಿಸಿಹೋಯಿತು. ಕಪ್ಪು ಬಣ್ಣ ಬಳಿದು ನೋಡಿದ. ಸೋರಿದ ಟಾರಿನ ಹಾಗೆ ಕಂಡಿತು, ಒರೆಸಿಬಿಟ್ಟ. ಮತ್ತೆ ಗೋಡೆಗೆ ಒರಗಿದ. ಅದೇ ಗೋಡೆ, ಅದೇ ಜಾಗ. ಹುಸೇನಮ್ಮ ಕೆಲಸದಿಂದ ಬಂದವಳು ಅದನ್ನು ನೋಡಿ ಕಾಲು ತೊಳೆಯುವುದನ್ನೂ ಮರೆತಳು.

"ಮಸಿ ಬೇಕಲ್ಲ? ಬೆಂಕಿಲಿಂದ ಬಂದದ್ದು ಬೆಂಕಿಲಿಂದೇ ಬರ್ತದ. ನೀರು ಕಾಯ್ಸಮು."

"ಎಲ್ಲಿ ಕಾಯ್ಸ್ತಿ? ಮಾಲೀಕರು ಬಿಡ್ತಾರೇನು? ಅದರಮ್ಯಾಲ ಹೊಟ್ಟಿಗಿ ತೂತು ಬಿದ್ದದ."

"ತೂತಿಗಿ ನಲ್ಲಿ ಹಚ್ಚೀಯಲ್ಲ. ನಲ್ಲಿಲಿಂದ ನೀರು ಬರೋಹಂಗ ಮಾಡೋದು ನಿನಗ್ಯಾರರ ಹೇಳಿಕೊಡ್ಬೇಕೇನು?"

ಸಾಯಬಣ್ಣ ಅವಳನ್ನೇ ನೋಡಿದ. ದೀಪದ ನಲ್ಲಿಯಿಂದ ನೀರು ಬರಿಸುವ ಯೋಚನೆ ಅವನಿಗೆ ಹೊಳೆದೇ ಇರಲಿಲ್ಲ. ಬಾಯಿಯ ಓರೆಯಲ್ಲಿ ಒಂದಿಷ್ಟು ನಗು ಬಂತು. ಎದ್ದ.

ಹುಸೇನಮ್ಮ ಮಹಡಿ ಹತ್ತಿದಳು. ಪಕ್ಕದ ಖಾಲಿ ಸೈಟಿನ ಗೇಟಿನ ಬೀಗದ ಕೈ ಚಂದ್ರಶೇಖರಯ್ಯನವರ ಬಳಿ ಇತ್ತು. ಅವರು ಪೇಪರು ಮಡಿಸದೆಯೇ, "ಹೊಗೆ ನನ್ನ ಕಿಟಕಿಗೆ ಬರುತ್ತಮ್ಮಾ," ಎಂದರು.

"ಗಾಳಿ ಈಗ ಆ ಕಡೀಗಿ ಹೊಡೀತದ್ರಿ ಅಪ್ಪಾರ."

"ತಿರುಗಿದ್ರೆ?"

"ತಿರುಗಿದ್ರ ಆರಿಸ್ತೀನ್ರಿ."

ಒಳಗಿನಿಂದ ಅವರ ಹೆಂಡತಿ ವಿಮಲಾಕ್ಷಿಯವರ ದನಿ ಬಂತು: "ಕೊಡ್ರೀ ಬೀಗದ ಕೈ. ಮೋಡ ಮುಚ್ಕೊಂಡ್ರೆ ನಿಮ್ಮ ಸೋಲಾರ್ ನೀರು ಮುಖ ತೊಳ್ಯಕ್ಕೂ ಸಾಲಲ್ಲ. ಅವಳಾದ್ರೂ ಕಾಯಿಸ್ಲಿ."

ಸಂಜೆ ಸಾಯಬಣ್ಣ ಕಾಕ್ಸ್‌ಟೌನಿಗೆ ಹೋದ. ಒಳಗೆ ಕಾಲಿಡದೆ, ಗೇಟಿನ ಹೊರಗೇ ನಿಂತು, ಕೆಡವಿದ ಮನೆಯ ಗೆದ್ದಲು ತಿಂದ ಕಿಟಕಿ ಚೌಕಟ್ಟುಗಳನ್ನು ಆಟೋಗೆ ಹಾಕಿಸಿಕೊಂಡು ಬಂದ. ಹಂಡೆಯ ಕಾಲು, ಮೇಲಿನ ಪೈಪು, ವೈರು, ಹೋಲ್ಡರು ಎಲ್ಲ ಬಿಚ್ಚಿಟ್ಟ. ನಲ್ಲಿಗೆ ಹೊಸ ವಾಷರು ಹಾಕಿ, ದಾರ ಸುತ್ತಿ, ಬಿಗಿ ಮಾಡಿದ. ನೀರು ತುಂಬಿ ನೋಡಿದ. ಹನಿ ಜಿನುಗಲಿಲ್ಲ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹುಸೇನಮ್ಮ ಎಕ್ಕೆ ಗಿಡಗಳ ನಡುವೆ ಮೂರು ಸೈಜುಗಲ್ಲು ಹೂಡಿ ಉರಿ ಹಾಕಿದಳು. ಹಳೆಯ ಮರ ಚಟಪಟ ಹತ್ತಿಕೊಂಡಿತು. ಮರದ ಮೇಲಿದ್ದ ಹಸಿರು ಬಣ್ಣ ನೊರೆ ಕಾರುತ್ತ ಕರಗಿತು. ಉರಿಯ ನಾಲಿಗೆ ಹೊಳೆಯುವ ತಾಮ್ರವನ್ನು ನೆಕ್ಕುತ್ತ ಮೇಲೇರಿತು. ಹಂಡೆ ಮೊದಲು ಸುಮ್ಮನಿತ್ತು, ಆಮೇಲೆ ಸಣ್ಣಗೆ ಹಾಡತೊಡಗಿತು. ಊರಲ್ಲಿ ಬೆಳಗಿನ ಅರೆನಿದ್ದೆಯಲ್ಲಿ ಕೇಳುತ್ತಿದ್ದ ಹಾಡು. ಹುಸೇನಮ್ಮ ಕೊಳವೆ ಹಿಡಿದು ಊದುತ್ತಿದ್ದವಳು ಕಣ್ಣೊರೆಸಿಕೊಂಡಳು. ಹೊಗೆಯೂ ಇತ್ತು.

ಮೊದಲು ಬಕೆಟ್ಟು ತಂದವಳು ಲಕ್ಷ್ಮಿದೇವಿ. "ಕಾದ ನೀರು ಚೆಲ್ಲಬಾರ್ದಲ್ಲಕ್ಕ, ಅದಕ್ಕ ಬಂದೆ." ಅವಳ ಹಿಂದೆ ಉಳಿದ ಕೋಣೆಗಳವರು. ಸಾಯಬಣ್ಣ ನಲ್ಲಿಯ ಪಕ್ಕ ಕೂತು ತಿರುಗಿಸಿ ತಿರುಗಿಸಿ ಬಿಡುತ್ತಿದ್ದ, ಹುಸೇನಮ್ಮ ಮೇಲಿನಿಂದ ತಣ್ಣೀರು ಸುರಿಯುತ್ತಿದ್ದಳು. "ನೋಡ್ರಪ್ಪೋ, ಸಾಯಬಣ್ಣನ ಕಂಪನಿ ಗೀಸರ್!" ಎಂದು ಯಾರೋ ಕೂಗಿದರು. ಕಡೆಗೆ ಚಂದ್ರಶೇಖರಯ್ಯನವರೂ ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಕೆಟ್ಟು ಹಿಡಿದು ಸೈಟಿನ ಗೇಟು ದಾಟಿ ಬಂದರು.

"ಗಾಳಿ ತಿರುಗ್ತೇನ್ರಿ ಅಪ್ಪಾರ?" ಎಂದು ಸಾಯಬಣ್ಣ ಗಂಭೀರವಾಗಿ ಕೇಳಿದ.

"ತಿರುಗಿಲ್ಲ. ನೋಡ್ಕೊಂಡ್ ಹೋಗಣ ಅಂತ ಬಂದೆ. ಹಾಕು, ಹಾಕು, ತುಂಬ ಬಿಸಿ ಬೇಡ."

ಆ ಗದ್ದಲದಲ್ಲಿ ಗೌತಮಿ ಯಾವಾಗ ಬಂದಳೋ ಯಾರೂ ನೋಡಲಿಲ್ಲ. ಹೇಳಿದ್ದಕ್ಕಿಂತ ಬೇಗನೇ ಬಂದಿದ್ದಳು. ತಾನು ಹೇಳಿ ಮಾಡಿಸಿದ ದೀಪ ಒಲೆಯ ಮೇಲೆ ಕೂತು ಬುಸುಬುಸು ಉಗಿ ಬಿಡುತ್ತಿತ್ತು. ಬಕೆಟ್ಟುಗಳು ಸಾಲು ಹಚ್ಚಿದ್ದವು. ಸಾಯಬಣ್ಣ ದಡಬಡಿಸಿ ಎದ್ದ. ಹುಸೇನಮ್ಮನೇ ಕೊಳವೆ ಕೆಳಗಿಟ್ಟು ಮುಂದೆ ಬಂದಳು.

"ತಪ್ಪು ನಂದವ್ವಾ. ತೊಳೀಬ್ಯಾಡ ಅಂದಿದ್ದಿ, ನೀ ಬಾಯಿಮಾತಿಗಿ ಅಂದಿ ಅಂತ ತಿಳ್ಕೊಂಡೆ. ತಿಕ್ಕಿಬಿಟ್ಟೆ. ಈಗ ಹೊಳ್ಳಿ ಮಸಿ ಹಿಡಿಸ್ಲಕತ್ತೀನಿ. ಇವನ್ದೇನೂ ತಪ್ಪಿಲ್ಲ. ಕೆಲಸ ಛಲೋ ಮಾಡ್ಯಾನ."

ಗೌತಮಿ ಹಂಡೆಯ ಸುತ್ತ ಒಂದು ಸುತ್ತು ಬಂದಳು. ಮುಖ ಸಪ್ಪಗಾಗಿತ್ತು. "ನಾನು ನಿಜವಾಗ್ಲೂ ಹೇಳಿದ್ದಕ್ಕ," ಎಂದಳು. "ಆ ಹಳೆ ಕಪ್ಪು ಎಷ್ಟು ಚೆನ್ನಾಗಿತ್ತು. ಅದು ಮತ್ತೆ ಬರುತ್ತಾ?"

"ಒಂದಿನಕ್ಕ ಬರಂಗಿಲ್ಲ," ಎಂದಳು ಹುಸೇನಮ್ಮ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ನಿಜವೇ. ಹಂಡೆಯ ತಳ ಮಾತ್ರ ಕಪ್ಪಾಗಿತ್ತು. ಅಲ್ಲಿಂದ ಮೇಲಕ್ಕೆ ಉರಿ ಎಲ್ಲೆಲ್ಲಿ ಹತ್ತಿ ಇಳಿದಿತ್ತೋ ಅಲ್ಲಲ್ಲಿ ಕಂದು, ನೇರಳೆ, ನೀಲಿ ಗೆರೆಗಳು ಎದ್ದಿದ್ದವು. ಗೌತಮಿ ಬಗ್ಗಿ ನೋಡುತ್ತ ನಲ್ಲಿಗೆ ಕೈ ಹಾಕಿದಳು. ಬಿಸಿನೀರು ಬಂತು. ಉಗಿ ಅವಳ ಕನ್ನಡಕಕ್ಕೆ ಹೊಡೆಯಿತು. ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿಕೊಂಡಳು.

"ನಮ್ಮಜ್ಜಿ ದೀಪಾವಳಿಗೆ ಹಿಂಗೇ ಕಾಯಿಸ್ತಿದ್ರು. ಹಂಡೆಗೆ ಸುಣ್ಣದ ಪಟ್ಟೆ ಎಳ್ದು, ಹಾಗಲಬಳ್ಳಿ ಸುತ್ತಿ."

"ನೀರು ತುಂಬೋ ಹಬ್ಬ," ಎಂದಳು ಲಕ್ಷ್ಮಿದೇವಿ.

"ಹೂಂ, ಅದೇ. ಅಣ್ಣಾ, ಅಂಗಡಿ ಶುರು ಮಾಡೋದು ಹೇಗಿದ್ರೂ ಹಬ್ಬ ಆದ್ಮೇಲೆ. ಅಲ್ಲಿವರ್ಗೂ ದಿನಾ ಇದ್ರಲ್ಲಿ ನೀರು ಕಾಯಿಸಿ. ಎಷ್ಟು ಮಸಿ ಹಿಡಿಯುತ್ತೋ ಅಷ್ಟು ಹಿಡೀಲಿ. ಹಬ್ಬದ ಸ್ನಾನ ಮುಗಿಸ್ಕೊಂಡೇ ನಂಗೆ ಕೊಡಿ." ಆಮೇಲೆ ಹುಸೇನಮ್ಮನ ಕಡೆ ತಿರುಗಿ, ದನಿ ಇಳಿಸಿ, "ಕೊಡಕ್ಕೆ ಮನಸ್ಸಿಲ್ದಿದ್ರೆ ಈಗ್ಲೇ ಹೇಳಕ್ಕ. ನಾನು ಅಣ್ಣನ ಹತ್ರ ಬೇರೆ ಯಾವ್ದಾದ್ರೂ ಮಾಡಿಸ್ಕೋತೀನಿ."

ಹುಸೇನಮ್ಮ ಗಂಡನ ಕಡೆ ನೋಡಿದಳು. ಅವನು ಉರಿಯ ಬಿಸಿಗೆ ಕೆಂಪಾದ ಮುಖದಲ್ಲಿ, ಮೊಣಕಾಲಿನವರೆಗೆ ನೀರು ಮಾಡಿಕೊಂಡು, ಯಾರದೋ ಬಕೆಟ್ಟು ತುಂಬಿತೆಂದು ನಲ್ಲಿ ನಿಲ್ಲಿಸುತ್ತಿದ್ದ.

"ಹಬ್ಬ ಆಗ್ಲವ್ವಾ," ಎಂದಳು. "ಕೊಡ್ತೀನಿ."

ಅಲ್ಲಿಂದ ಹಬ್ಬದವರೆಗೆ ವಠಾರದವರು ಬಿಸಿನೀರು ಮಿಂದರು. ಚಂದ್ರಶೇಖರಯ್ಯನವರು ಗಾಳಿ ನೋಡಲು ದಿನವೂ ಬಂದರು. ನೀರು ತುಂಬುವ ಸಂಜೆ ಹುಸೇನಮ್ಮ ಹಂಡೆಗೆ ಸುಣ್ಣದ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಕಟ್ಟಿದಳು. ಮರುದಿನ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ಎಲ್ಲರದೂ ಸ್ನಾನವಾದ ಮೇಲೆ, ಬಳ್ಳಿ ಬಿಚ್ಚಿ, ಸುಣ್ಣದ ಗೆರೆಯನ್ನಷ್ಟೇ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು, ಒಳಭಾಗವನ್ನು ಮಾತ್ರ ತೊಳೆದು ಒಣಗಿಸಿದಳು. ಹೊರಗೆ ನಾರು ತಾಗಿಸಲಿಲ್ಲ. ಸಾಯಬಣ್ಣ ಮತ್ತೆ ಕಾಲು, ಪೈಪು, ವೈರು ಕೂರಿಸಿದ. ಒಯ್ಯುವ ದಿನ ಅವಳು ಒಂದು ಅರಿವೆಯಲ್ಲಿ ಹಿಡಿ ಜೋಳ ಕಟ್ಟಿ ಹಂಡೆಯ ಬಾಯೊಳಗೆ ಇಳಿಬಿಟ್ಟಳು.

"ಅದ್ಯಾಕ ಮತ್ತ?" ಎಂದ ಸಾಯಬಣ್ಣ.

"ಮಂದಿ ಮನಿಗಿ ಬರೀ ಹಂಡಿ ಕಳಿಸ್ತಾರೇನು?"

ಕಮ್ಮನಹಳ್ಳಿಯ ಅಂಗಡಿಗೆ ಇನ್ನೂ ಬಣ್ಣದ ವಾಸನೆ ಇತ್ತು. ನಡುವೆ ಹಂಡೆಯನ್ನು ನಿಲ್ಲಿಸಿದರು. ಸಾಯಬಣ್ಣ ಪ್ಲಗ್ಗು ಹಾಕಿ ಹಿಂದೆ ಸರಿದು, "ನೀನೇ ತಿರುವು," ಎಂದ ಹೆಂಡತಿಗೆ. ಹುಸೇನಮ್ಮ ಬಲಗೈಯಲ್ಲಿ ನಲ್ಲಿ ತಿರುಗಿಸಿದಳು. ಎಡಗೈ ತನ್ನಷ್ಟಕ್ಕೆ ತಾನೇ ಬೊಗಸೆಯಾಗಿ ನಲ್ಲಿಯ ಕೆಳಗೆ ಹೋಗಿತ್ತು. ನೀರು ಬೀಳಲಿಲ್ಲ. ಬಾಗಿದ ಪೈಪುಗಳ ತುದಿಯಲ್ಲಿ ಒಂದೊಂದಾಗಿ ಬಲ್ಬು ಹತ್ತಿದವು. ಹಳದಿ ಬೆಳಕು ಕಂದು ನೇರಳೆ ಗೆರೆಗಳ ಮೇಲೆ ಇಳಿದು, ಅವಳ ಅಂಗೈಯಲ್ಲಿ ನಿಂತಿತು. ಅವಳು ನಾಚಿಕೊಂಡು ಕೈ ಹಿಂದೆಗೆದುಕೊಂಡಳು. ತಳದ ಮಸಿಗೆ ಬೆಳಕು ತಲುಪಿರಲಿಲ್ಲ. ಅದು ಅಲ್ಲಿ ಗಟ್ಟಿಯಾಗಿ ಕೂತಿತ್ತು. ಅವಳೇ ಹಿಡಿಸಿದ ಮಸಿ.

ಗೌತಮಿ ಹಂಡೆಯ ಸುತ್ತ ಮತ್ತೆ ಒಂದು ಸುತ್ತು ಬಂದಳು. ಈ ಸಲ ಮಾತಾಡುತ್ತಲೇ ಬಂದಳು. "ಟೇಬಲ್‌ದು ಯಾವಾಗ ಶುರು ಮಾಡ್ತೀರಣ್ಣ? ಮುಂದಿನ ವಾರ?"

"ನಾಳಿಗೇ ಕುಂಡ್ರತೀನ್ರಿ," ಎಂದ ಸಾಯಬಣ್ಣ. ಆಮೇಲೆ ಹುಸೇನಮ್ಮನ ಕಡೆ ಓರೆಗಣ್ಣಲ್ಲಿ ನೋಡುತ್ತ, "ಅವಕ್ಕ ಮಸಿ ಬೇಕೇನ್ರಿ, ಬ್ಯಾಡೇನ್ರಿ? ಖರೇ ಹೇಳ್ರಿ ಮತ್ತ," ಎಂದ.

ಗೌತಮಿ ಜೋರಾಗಿ ನಕ್ಕಳು. "ಕೂತ್ಕೊಳ್ಳಿ ಇಬ್ರೂ. ಅಂಗಡೀಲಿ ಇನ್ನೂ ಯಾರಿಗೂ ಕಾಫಿ ಕೊಟ್ಟಿಲ್ಲ. ಮೊದಲನೇದು ನಿಮ್ಗೇನೆ."

"ಬ್ಯಾಡವ್ವಾ, ಈಗರೆ ಚಹಾ ಕುಡುದು ಬಂದೀವಿ," ಎಂದಳು ಹುಸೇನಮ್ಮ, ಸೆರಗು ಸರಿಮಾಡಿಕೊಳ್ಳುತ್ತ.

ಗೌತಮಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಮರುಮಾತಾಡದೆ ಒಳಗೆ ಹೋಗಿ, ಎರಡು ದೊಡ್ಡ ಲೋಟ ತೊಳೆದು, ಹಾಲು ಒಲೆಯ ಮೇಲಿಟ್ಟಳು.